ಓದುಗರ ಪ್ರಶ್ನೆ: ಸೆನ್ಸರ್ ಹಾಕಿದ್ರೆ ಬೋರ್ಡ್ ಏಳಲ್ಲ, ಬಿಚ್ಚಿದ್ರೆ ಏಳತ್ತೆ

ಈ ಸಲ ಬಂದಿರೋ ಎಲೆಕ್ಟ್ರಾನಿಕ್ಸ್ ಪ್ರಶ್ನೆಗಳಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಕಡೆಯವೇ ಜಾಸ್ತಿ. ರೇಷ್ಮೆ ಬೆಳೆಗಾರರು, ಬೋರ್‌ವೆಲ್ ಇಟ್ಕೊಂಡಿರೋರು, ಡಿಪ್ಲೊಮಾ ಹುಡುಗರು, ಮೇಷ್ಟ್ರು ಎಲ್ಲಾ ಬರ್ದಿದಾರೆ. ಓದ್ತಾ ಹೋದ್ರೆ ಒಂದೊಂದೂ ಬೇರೆ ತೊಂದರೆ ಅನ್ಸತ್ತೆ, ಆದ್ರೆ ಬುಡಕ್ಕೆ ಹೋದ್ರೆ ಎಲ್ಲಾ ಒಂದೇ: ಮೈಕ್ರೋಕಂಟ್ರೋಲರ್‌ನ (ಬೋರ್ಡ್ ನಡೆಸೋ ಚಿಕ್ಕ ಕಂಪ್ಯೂಟರ್ ಚಿಪ್) ಆ ಪಿನ್, ಅಂದ್ರೆ ವೈರ್ ಹಾಕೋ ಕಾಲು, ಆ ಹೊತ್ತಲ್ಲಿ ಯಾರ ಮಾತು ಕೇಳ್ತಿದೆ ಅನ್ನೋದು. ಅದಕ್ಕೇ ಬೇರೆ ವಿಷಯದ ಪತ್ರಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವನ್ನೆಲ್ಲ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಅಣ್ಣಾ, ನಮ್ದು ಶಿಡ್ಲಘಟ್ಟದ ಹತ್ರ ಹಳ್ಳಿ, ರೇಷ್ಮೆ ಹುಳು ಮನೆ ಐತೆ. ಶಾಖ, ತೇವ ನೋಡೋಕೆ ಅಂತ ಇಎಸ್‌ಪಿ32 ಬೋರ್ಡಿಗೆ ಡಿಎಚ್‌ಟಿ22 ಸೆನ್ಸರ್ ಹಾಕ್ದೆ, ಡೇಟಾ ವೈರ್ 12ನೇ ಪಿನ್ನಿಗೆ. ಸೆನ್ಸರ್ ಬಿಚ್ಚಿ ಕರೆಂಟ್ ಕೊಟ್ರೆ ಬೋರ್ಡ್ ಏಳತ್ತೆ, ಹಾಕಿ ಕೊಟ್ರೆ ಏಳೋದೇ ಇಲ್ಲ, ಸುಮ್ನೆ ರೀಸ್ಟಾರ್ಟ್ ಆಗ್ತಾ ಇರತ್ತೆ. ಇನ್ನೊಂದು, ಕೂಲರ್ ತೊಟ್ಟಿ ನೀರು ನೋಡೋ ಸೆನ್ಸರ್ 26ಕ್ಕೆ ಹಾಕಿದೀನಿ, ವೈಫೈ ಇಲ್ದಿದ್ರೆ ಸರಿಯಾಗಿ ತೋರಿಸ್ತದೆ, ವೈಫೈ ಆನ್ ಆದ್ರೆ ಕೆಟ್ಟೋಗತ್ತೆ. ಡೂಪ್ಲಿಕೇಟ್ ಬೋರ್ಡ್ ಕೊಟ್ಟವ್ರಾ?

ಉತ್ತರ: ಬೋರ್ಡ್ ಡೂಪ್ಲಿಕೇಟ್ ಅಲ್ಲ, ವಾಪಸ್ ಕೊಡೋಕೆ ಹೋಗ್ಬೇಡಿ. ನೀವು ಆರಿಸ್ಕೊಂಡಿರೋ ಎರಡೂ ಪಿನ್‌ಗಳಿಗೆ ಇನ್ನೊಂದು ಕೆಲಸ ಮೊದಲೇ ಇದೆ, ತೊಂದರೆ ಅಷ್ಟೇ.

ಮೊದಲು 12ರದ್ದು. ಇಎಸ್‌ಪಿ32ಗೆ ಕರೆಂಟ್ ಬಂದ ತಕ್ಷಣ, ನಿಮ್ಮ ಪ್ರೋಗ್ರಾಂನ ಒಂದು ಸಾಲೂ ಓಡೋಕೆ ಮುಂಚೆ, ಚಿಪ್ ತನ್ನ ಕೆಲವು ಪಿನ್‌ಗಳಲ್ಲಿ ವೋಲ್ಟೇಜ್ ಇದೆಯಾ ಇಲ್ವಾ ಅಂತ ನೋಡಿ ತಾನು ಹೇಗೆ ಏಳ್ಬೇಕು ಅಂತ ತೀರ್ಮಾನ ಮಾಡತ್ತೆ. ಆ ಪಿನ್‌ಗಳು 0, 2, 5, 12, 15. ಇವಕ್ಕೆ ಸ್ಟ್ರ್ಯಾಪಿಂಗ್ ಪಿನ್ ಅಂತಾರೆ. ಇದ್ರಲ್ಲಿ 12 ನೋಡೋದು ಪ್ರೋಗ್ರಾಂ ಕೂತಿರೋ ಫ್ಲಾಶ್ ಮೆಮೊರಿಗೆ ಎಷ್ಟು ವೋಲ್ಟ್ ಕೊಡ್ಬೇಕು ಅಂತ. ಲೋ (ವೋಲ್ಟೇಜ್ ಇಲ್ಲ) ಇದ್ರೆ 3.3 ವೋಲ್ಟ್, ಹೈ (ವೋಲ್ಟೇಜ್ ಇದೆ) ಇದ್ರೆ 1.8 ವೋಲ್ಟ್. ನಮ್ಮ ಕೈಗೆ ಸಿಗೋ ಸಾಮಾನ್ಯ ಬೋರ್ಡ್‌ಗಳಲ್ಲಿ ಇರೋದು 3.3 ವೋಲ್ಟ್ ಫ್ಲಾಶ್. ಡಿಎಚ್‌ಟಿ22 ಮಾಡ್ಯೂಲ್‌ನಲ್ಲಿ ಡೇಟಾ ವೈರನ್ನ ಮೇಲಕ್ಕೆ ಎಳೆದು ಹಿಡಿಯೋ ಒಂದು ಪುಲಪ್ ರೆಸಿಸ್ಟರ್ ಇರತ್ತೆ, ಹಾಗಾಗಿ ಸುಮ್ನಿದ್ದಾಗ ಆ ವೈರ್ ಯಾವಾಗ್ಲೂ ಹೈ. ಚಿಪ್ ಎದ್ದು 12 ನೋಡತ್ತೆ, ಹೈ ಅಂತ ಕಾಣತ್ತೆ, ಫ್ಲಾಶ್‌ಗೆ 1.8 ಕೊಡತ್ತೆ, ಫ್ಲಾಶ್ ಓದೋಕೆ ಆಗಲ್ಲ, ವಾಚ್‌ಡಾಗ್ (ಚಿಪ್ ಸಿಕ್ಕಾಕೊಂಡ್ರೆ ಎಬ್ಬಿಸೋ ಒಳಗಿನ ಟೈಮರ್) ರೀಸೆಟ್ ಮಾಡತ್ತೆ, ಮತ್ತೆ ಅದೇ ಕಥೆ. ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸೋ ಸಂದೇಶ ಕಂಪ್ಯೂಟರ್‌ನಲ್ಲಿ ತೋರಿಸೋ ಕಿಟಕಿ) ತೆಗೆದು ನೋಡಿ, ‘ಫ್ಲಾಶ್ ರೀಡ್ ಎರರ್’ ಅಂತ ಬರ್ತಾ ಇದ್ರೆ ಇದೇ ಅಂತ ಖಾತ್ರಿ ಮಾಡ್ಕೊಳ್ಳಿ. ಆ ವೈರ್ ಕಿತ್ತು 27ಕ್ಕೋ 32ಕ್ಕೋ ಹಾಕಿ, ಪ್ರೋಗ್ರಾಂನಲ್ಲಿ ನಂಬರ್ ಬದಲಾಯಿಸಿ, ಮುಗೀತು. ಚಿಪ್ ಒಳಗಿನ ಫ್ಯೂಸ್ ಸುಟ್ಟು ಫ್ಲಾಶ್ ವೋಲ್ಟೇಜನ್ನ ಪರ್ಮನೆಂಟ್ ಮಾಡೋ ದಾರಿನೂ ಇದೆ, ಆದ್ರೆ ಅದು ಒಂದು ಸಲ ಮಾಡಿದ್ರೆ ವಾಪಸ್ ಬರಲ್ಲ, ಒಂದು ವೈರ್ ಜರುಗಿಸೋದ್ರಲ್ಲಿ ಮುಗಿಯೋದಕ್ಕೆ ಅಷ್ಟು ದೂರ ಹೋಗೋದು ಬೇಡ.

ಈಗ 26. ಇಎಸ್‌ಪಿ32 ಒಳಗೆ ಅನಲಾಗ್ ಓದೋ, ಅಂದ್ರೆ ಏರಿಳಿಯೋ ವೋಲ್ಟೇಜನ್ನ ನಂಬರ್ ಮಾಡೋ, ಎಡಿಸಿ ಘಟಕ ಎರಡಿವೆ. ಒಂದನೇದು 32ರಿಂದ 39ರವರೆಗಿನ ಪಿನ್‌ಗಳದ್ದು, ಎರಡನೇದು 0, 2, 4, 12ರಿಂದ 15, ಮತ್ತೆ 25, 26, 27. ಈ ಎರಡನೇದನ್ನ ವೈಫೈ ಡ್ರೈವರ್ ತನ್ನ ಕೆಲಸಕ್ಕೆ ಹಿಡ್ಕೊಳ್ಳತ್ತೆ, ಆಗ ನಮಗೆ ಸಿಗಲ್ಲ. ನೀರಿನ ಸೆನ್ಸರನ್ನ 34ಕ್ಕೆ ಹಾಕಿ. 34ರಿಂದ 39 ಬರೀ ಇನ್‌ಪುಟ್ ಪಿನ್‌ಗಳು, ಔಟ್‌ಪುಟ್ ಆಗೋದೇ ಇಲ್ಲ, ಒಳಗಡೆ ಪುಲಪ್ಪೂ ಇಲ್ಲ ಪುಲ್‌ಡೌನೂ (ಕೆಳಕ್ಕೆ ಎಳೆಯೋ ರೆಸಿಸ್ಟರ್) ಇಲ್ಲ, ಅನಲಾಗ್ ಓದೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಹಾಗಂತ ಅಲ್ಲಿ ಬಟನ್ ಹಾಕಿ ‘ಇನ್‌ಪುಟ್ ಪುಲಪ್’ ಅಂತ ಬರೆದ್ರೆ ಪುಲಪ್ ಬರಲ್ಲ, ಹೊರಗಡೆ 10 ಕಿಲೋಓಮ್ ರೆಸಿಸ್ಟರ್ ಹಾಕ್ಲೇಬೇಕು. ಸೆನ್ಸರ್‌ನಿಂದ ಬರೋ ವೋಲ್ಟೇಜ್ 3.3 ದಾಟದ ಹಾಗೆ ನೋಡ್ಕೊಳ್ಳಿ. 6ರಿಂದ 11 ಫ್ಲಾಶ್‌ಗೆ ಒಳಗಡೆನೇ ಕನೆಕ್ಟ್ ಆಗಿರೋವು, ಅವನ್ನ ಮುಟ್ಟೋದೇ ಬೇಡ.

ಡಿಎಚ್‌ಟಿ22 ವಿಷಯ ಬಂದಿದ್ರಿಂದ ಇನ್ನೊಂದು ಹೇಳ್ತೀನಿ, ಪಿನ್ ಮೋಡ್ ಅಂದ್ರೆ ಏನು ಅಂತ ಇದ್ರಲ್ಲಿ ಚೆನ್ನಾಗಿ ಕಾಣತ್ತೆ. ಆ ಸೆನ್ಸರ್‌ಗೆ ಇರೋದು ಒಂದೇ ಡೇಟಾ ವೈರ್, ಕೇಳೋದೂ ಅದ್ರಲ್ಲೇ, ಉತ್ತರ ಬರೋದೂ ಅದ್ರಲ್ಲೇ. ಬೋರ್ಡ್ ಮೊದಲು ಪಿನ್ನನ್ನ ಔಟ್‌ಪುಟ್ ಮಾಡಿ ಕನಿಷ್ಠ 1 ಮಿಲಿಸೆಕೆಂಡ್ ಲೋ ಹಿಡಿಯತ್ತೆ, ಆಮೇಲೆ ಅದೇ ಪಿನ್ನನ್ನ ಇನ್‌ಪುಟ್ ಮಾಡಿ ಕೈ ಬಿಡತ್ತೆ, ಪುಲಪ್ ವೈರನ್ನ ಮೇಲಕ್ಕೆ ಎಳೆಯತ್ತೆ, ಆಗ ಸೆನ್ಸರ್ 80 ಮೈಕ್ರೋಸೆಕೆಂಡ್ ಲೋ, 80 ಮೈಕ್ರೋಸೆಕೆಂಡ್ ಹೈ ಮಾಡಿ ‘ಇದೀನಿ’ ಅಂತ ಹೇಳಿ 40 ಬಿಟ್ ಕಳಿಸತ್ತೆ. ಬೋರ್ಡ್ ಕೈ ಬಿಡದೆ ಔಟ್‌ಪುಟ್‌ನಲ್ಲೇ ಹೈ ಹಿಡಿದು ಕೂತ್ರೆ ಸೆನ್ಸರ್ ಲೋ ಎಳೆಯೋಕೆ ನೋಡಿದಾಗ ಇಬ್ಬರೂ ಎದುರು ಬದುರು ಎಳೆದಾಡ್ತಾರೆ, ರೀಡಿಂಗೂ ಬರಲ್ಲ, ಚಿಪ್ಪಿಗೂ ಒಳ್ಳೇದಲ್ಲ. ಲೈಬ್ರರಿ ಇದನ್ನೆಲ್ಲ ಮಾಡ್ಕೊಳ್ಳತ್ತೆ, ನೀವು ಬರೀಬೇಕಾಗಿಲ್ಲ, ಆದ್ರೆ ಒಂದೇ ಪಿನ್ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಔಟ್‌ಪುಟ್‌ನಿಂದ ಇನ್‌ಪುಟ್ ಆಗತ್ತೆ ಅನ್ನೋದು ಗೊತ್ತಿದ್ರೆ 34ಕ್ಕೆ ಯಾಕೆ ಈ ಸೆನ್ಸರ್ ಹಾಕ್ಬಾರ್ದು ಅಂತ ತಾನಾಗೇ ಗೊತ್ತಾಗತ್ತೆ. ಚಾಕಿ (ಎಳೆ) ಹುಳಕ್ಕೆ 27-28 ಡಿಗ್ರಿ, ನಾಲ್ಕನೇ ಜ್ವರ (ಪೊರೆ ಬಿಡೋ ಹೊತ್ತು) ಎದ್ದ ಮೇಲೆ 24-25 ಅಂತ ನೀವು ನೋಡ್ಕೊಳ್ಳೋರು, ರೀಡಿಂಗ್ ಒಂದು ರಾತ್ರಿ ಕೈಕೊಟ್ರೂ ಬೆಳೆಗೆ ಪೆಟ್ಟು. ಅದಕ್ಕೆ ವೈರ್ ಜರುಗಿಸಿದ ಮೇಲೆ ಪೂರ್ತಿ ಕರೆಂಟ್ ತೆಗೆದು ಹಾಕಿ, ತೆಗೆದು ಹಾಕಿ, ಪ್ರತಿ ಸಲ ಏಳತ್ತಾ ಅಂತ ನೋಡಿ ಆಮೇಲೆ ಗೋಡೆಗೆ ಹೊಡೀರಿ.

ಪ್ರಶ್ನೆ: ಸಾರ್, ಬಾಗೇಪಲ್ಲಿ ಕಡೆಯವನು. ಆರ್ಡುಯಿನೋ ಯುನೋ ಮತ್ತೆ ರಿಲೇ ಮಾಡ್ಯೂಲ್ ಇಟ್ಟು ಬೋರ್‌ವೆಲ್ ಮೋಟರ್ ಸ್ಟಾರ್ಟರ್‌ಗೆ ಕೊಟ್ಟಿದೀನಿ. ಕರೆಂಟ್ ಹೋಗಿ ಬಂದಾಗೆಲ್ಲ ರಿಲೇ ಒಂದು ಸಲ ಟಕ್ ಅಂತ ಆನ್ ಆಗಿ ಎರಡು ಸೆಕೆಂಡ್ ಆದ್ಮೇಲೆ ಆಫ್ ಆಗತ್ತೆ, ಮೋಟರ್ ಒಂದು ಸಲ ಎಳೆದು ನಿಲ್ಲತ್ತೆ. ಮಾಡ್ಯೂಲ್ ಲೋ ಕೊಟ್ರೆ ಆನ್ ಆಗೋದು. ಸೆಟಪ್‌ನಲ್ಲಿ (ಪ್ರೋಗ್ರಾಂ ಶುರುವಲ್ಲಿ ಒಂದೇ ಸಲ ಓಡೋ ಭಾಗ) ಪಿನ್ ಔಟ್‌ಪುಟ್ ಅಂತ ಮಾಡಿ, ಎಲ್‌ಸಿಡಿ ಶುರು ಮಾಡಿ, ಹೆಸರು ತೋರಿಸಿ, ಆಮೇಲೆ ರಿಲೇ ಹೈ ಅಂತ ಬರ್ದಿದೀನಿ.

ಉತ್ತರ: ಕಾರಣ ನಿಮ್ಮ ಕೊನೇ ಸಾಲಿನಲ್ಲೇ ಇದೆ. ಯುನೋದಲ್ಲಿರೋ ಎಟಿಮೆಗಾ328ಪಿ ಚಿಪ್‌ನಲ್ಲಿ ಪ್ರತಿ ಪಿನ್ನಿಗೆ ಎರಡು ಬಿಟ್ ಮುಖ್ಯ. ಡಿಡಿಆರ್ ಅನ್ನೋ ರಿಜಿಸ್ಟರ್‌ನ (ಚಿಪ್ ಒಳಗಿನ ಸೆಟ್ಟಿಂಗ್ ಬರೆಯೋ ಜಾಗ) ಬಿಟ್ ದಿಕ್ಕು ಹೇಳತ್ತೆ, 0 ಅಂದ್ರೆ ಇನ್‌ಪುಟ್, 1 ಅಂದ್ರೆ ಔಟ್‌ಪುಟ್. ಪೋರ್ಟ್ ಅನ್ನೋ ರಿಜಿಸ್ಟರ್‌ನ ಬಿಟ್‌ಗೆ ಎರಡು ಅರ್ಥ: ಪಿನ್ ಔಟ್‌ಪುಟ್ ಆಗಿದ್ರೆ ಅದು ಹೈ ಅಥವಾ ಲೋ, ಇನ್‌ಪುಟ್ ಆಗಿದ್ರೆ ಒಳಗಿನ 20ರಿಂದ 50 ಕಿಲೋಓಮ್ ಪುಲಪ್ ಆನ್ ಅಥವಾ ಆಫ್. ರೀಸೆಟ್ ಆದಾಗ ಎರಡೂ 0. ಅಂದ್ರೆ ಪಿನ್ ಇನ್‌ಪುಟ್, ಯಾರ ಕಡೆಗೂ ಇಲ್ಲ, ಮಾಡ್ಯೂಲ್‌ನ ಆಪ್ಟೋಕಪ್ಲರ್‌ಗೆ (ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಭಾಗ) ಕರೆಂಟ್ ಹರಿಯಲ್ಲ, ರಿಲೇ ಆಫ್. ಅಲ್ಲೀವರೆಗೂ ಸರಿಯಾಗೇ ಇದೆ. ನೀವು ಔಟ್‌ಪುಟ್ ಅಂದ ಕ್ಷಣ ಡಿಡಿಆರ್ 1 ಆಯ್ತು, ಆದ್ರೆ ಪೋರ್ಟ್ ಬಿಟ್ ಇನ್ನೂ 0, ಪಿನ್ ಲೋ, ನಿಮ್ಮ ಮಾಡ್ಯೂಲ್‌ಗೆ ಲೋ ಅಂದ್ರೆ ಆನ್. ಎಲ್‌ಸಿಡಿ ಕೆಲಸ ಮುಗಿಯೋವರೆಗೂ ಮೋಟರ್‌ಗೆ ಆರ್ಡರ್ ಹೋಗಿರತ್ತೆ.

ಸಾಲು ಅದಲು ಬದಲು ಮಾಡಿ. ಮೊದಲು ಡಿಜಿಟಲ್‌ರೈಟ್ ಹೈ, ಆಮೇಲೆ ಪಿನ್‌ಮೋಡ್ ಔಟ್‌ಪುಟ್, ಇವೆರಡೂ ಸೆಟಪ್‌ನ ಮೊದಲ ಎರಡು ಸಾಲು ಆಗಿರ್ಲಿ, ಎಲ್‌ಸಿಡಿ ಆಮೇಲೆ. ಹೀಗೆ ಮಾಡಿದ್ರೆ ಪಿನ್ ಮೊದಲು ಪುಲಪ್‌ನಿಂದ ಮೇಲೆ ಹೋಗತ್ತೆ, ಅಲ್ಲಿಂದ ನೇರ ಔಟ್‌ಪುಟ್ ಹೈ ಆಗತ್ತೆ, ಮಧ್ಯದಲ್ಲಿ ಲೋ ಅನ್ನೋದೇ ಬರಲ್ಲ. ಜೊತೆಗೆ ಪಿನ್ನಿಂದ 5 ವೋಲ್ಟ್‌ಗೆ 10 ಕಿಲೋಓಮ್ ಒಂದು ಹಾಕ್ಬಿಡಿ, ಬೂಟ್‌ಲೋಡರ್ (ನಿಮ್ಮ ಪ್ರೋಗ್ರಾಂಗೆ ಮುಂಚೆ ಓಡೋ ಚಿಕ್ಕ ಪ್ರೋಗ್ರಾಂ) ಓಡೋ ಹೊತ್ತಲ್ಲೂ ಪಿನ್ ತೇಲಾಡಲ್ಲ. ರಿಲೇಗೆ 13ನೇ ಪಿನ್ ಬೇಡ, ಬೂಟ್‌ಲೋಡರ್ ಆ ಪಿನ್ನಿನ ಎಲ್‌ಇಡಿಯನ್ನ ಮಿನುಗಿಸತ್ತೆ. 0, 1 ಕೂಡ ಬೇಡ, ಅವು ಸೀರಿಯಲ್ ಲೈನ್, ಪ್ರೋಗ್ರಾಂ ಹತ್ತಿಸೋವಾಗ ರಿಲೇ ಪಟಪಟ ಹೊಡ್ಕೊಳ್ಳತ್ತೆ. ಇದೇ ಉಪಾಯ ಇಎಸ್‌ಪಿ32ನಲ್ಲಿ ಮಾಡೋರಿಗೆ ಒಂದು ಮಾತು, ಅದರ ಆರ್ಡುಯಿನೋ ಪ್ಯಾಕೇಜ್‌ನ ಹೊಸ ಆವೃತ್ತಿಗಳಲ್ಲಿ ಪಿನ್‌ಮೋಡ್‌ಗೆ ಮುಂಚೆ ಡಿಜಿಟಲ್‌ರೈಟ್ ಕೊಟ್ರೆ ಎರರ್ ಹೇಳಿ ಬಿಟ್ಬಿಡತ್ತೆ, ಅಲ್ಲಿ ಜಿಪಿಐಓ ಸೆಟ್ ಲೆವೆಲ್ ಅನ್ನೋ ಫಂಕ್ಷನ್ ಬಳಸ್ಬೇಕು. ಸ್ಟಾರ್ಟರ್ ಒಳಗಿನ ವೈರಿಂಗ್ ಮಾತ್ರ ದಯವಿಟ್ಟು ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ.

ಪ್ರಶ್ನೆ: ಕೆಜಿಎಫ್‌ನಲ್ಲಿ ಡಿಪ್ಲೊಮಾ ಓದ್ತಿದೀನಿ ಸಾರ್. ಕ್ಲಾಸಲ್ಲಿ 8051 ಚಿಪ್ಪಿನ ಪೋರ್ಟ್ 0 (ಎಂಟು ಪಿನ್‌ಗಳ ಗುಂಪು) ಮಲ್ಟಿಪ್ಲೆಕ್ಸ್ ಆಗಿದೆ, ಅಂದ್ರೆ ಒಂದೇ ಪಿನ್ನಿಗೆ ಎರಡು ಕೆಲಸ, ಅಂತ ಹೇಳ್ಕೊಡ್ತಾರೆ. ಎಸ್‌ಟಿಎಂ32 ಚಿಪ್ಪಲ್ಲಿ ಪಿನ್ ಮಲ್ಟಿಪ್ಲೆಕ್ಸಿಂಗ್ ಅಂದ್ರೂ ಅದೇನಾ? ಮತ್ತೆ ಒಂದೇ ಪಿನ್ನಿಗೆ ಇಷ್ಟೊಂದು ಕೆಲಸ ತುರುಕೋ ಬದಲು ಪಿನ್ ಜಾಸ್ತಿ ಮಾಡಬಹುದಿತ್ತಲ್ವಾ?

ಉತ್ತರ: ಒಳ್ಳೆ ಪ್ರಶ್ನೆ, ಇದನ್ನ ಕೇಳ್ದೇನೇ ಡಿಗ್ರಿ ಮುಗಿಸೋರು ಎಷ್ಟೋ ಜನ ಇದಾರೆ. ಎರಡೂ ಒಂದೇ ಅಲ್ಲ.

1980ರಲ್ಲಿ ಇಂಟೆಲ್ ತಂದ 8051ಲ್ಲಿ ಹೊರಗಡೆ ಮೆಮೊರಿ ಹಾಕಿದಾಗ ಪೋರ್ಟ್ 0ರ ಎಂಟು ಕಾಲುಗಳಲ್ಲಿ ಮೊದಲು ಅಡ್ರೆಸ್‌ನ ಕೆಳಗಿನ ಎಂಟು ಬಿಟ್ ಬರತ್ತೆ, ಎಎಲ್‌ಇ (ಅಡ್ರೆಸ್ ಬಂತು ಅಂತ ಹೇಳೋ) ಸಿಗ್ನಲ್ ಹೊಡೆದಾಗ 74ಎಲ್‌ಎಸ್373 ಅನ್ನೋ ಹೊರಗಿನ ಲ್ಯಾಚ್ ಚಿಪ್ ಅದನ್ನ ಹಿಡ್ಕೊಳ್ಳತ್ತೆ, ಆಮೇಲೆ ಅದೇ ಕಾಲುಗಳಲ್ಲಿ ಡೇಟಾ ಓಡಾಡತ್ತೆ. ಪ್ರತಿ ಸಲ ಮೆಮೊರಿ ಮುಟ್ಟಿದಾಗ್ಲೂ ಇದು ಹಾರ್ಡ್‌ವೇರ್‌ನಲ್ಲೇ ನಡೆಯತ್ತೆ, ನೀವು ಏನೂ ಬರೆಯಲ್ಲ. ಇದು ಹೊತ್ತು ಹಂಚ್ಕೊಂಡು ನಡೆಯೋದು. ಹೊಸ ಚಿಪ್‌ಗಳಲ್ಲಿ ಪಿನ್ ಮಲ್ಟಿಪ್ಲೆಕ್ಸಿಂಗ್ ಅಂದ್ರೆ ಪ್ರತಿ ಕಾಲಿನ ಹಿಂದೆ ಒಂದು ಸೆಲೆಕ್ಟರ್ ಇರತ್ತೆ, ಯುಎಆರ್‌ಟಿ (ಸೀರಿಯಲ್ ಘಟಕ), ಟೈಮರ್, ಎಸ್‌ಪಿಐ (ಬೇರೆ ಚಿಪ್ ಜೊತೆ ಮಾತಾಡೋ ಘಟಕ) ಇವುಗಳಲ್ಲಿ ಯಾರಿಗೆ ಈ ಕಾಲು ಅಂತ ನಿಮ್ಮ ಪ್ರೋಗ್ರಾಂ ರಿಜಿಸ್ಟರ್‌ನಲ್ಲಿ ಬರೆದು ಹೇಳತ್ತೆ, ನೀವು ಬದಲಾಯಿಸೋವರೆಗೂ ಅದು ಹಾಗೇ ಇರತ್ತೆ. ನಿಮ್ಮ 8051ಲ್ಲೇ ಇದರ ಹಳೇ ರೂಪ ನೋಡ್ಬೇಕು ಅಂದ್ರೆ ಪೋರ್ಟ್ 3 ನೋಡಿ. ಪಿ3.0 ಆರ್‌ಎಕ್ಸ್‌ಡಿ (ಸೀರಿಯಲ್ ಡೇಟಾ ತಗೊಳ್ಳೋದು), ಪಿ3.1 ಟಿಎಕ್ಸ್‌ಡಿ (ಕಳಿಸೋದು). ಆ ಪಿನ್ನಿನ ಒಳಗಿನ ಪೋರ್ಟ್ ಬಿಟ್ 1 ಆಗಿದ್ರೆ ಮಾತ್ರ ಸೀರಿಯಲ್ ಕೆಲಸ ನಡೆಯತ್ತೆ, ಯಾರಾದ್ರೂ 0 ಬರೆದು ಮರೆತ್ರೆ ಲೈನ್ ಲೋನಲ್ಲೇ ಸಿಕ್ಕಾಕೊಂಡಿರತ್ತೆ. ಲ್ಯಾಬ್‌ನಲ್ಲಿ ಮಾಡಿ ನೋಡಿ.

ಪಿನ್ ಯಾಕೆ ಜಾಸ್ತಿ ಮಾಡ್ಲಿಲ್ಲ ಅಂದ್ರೆ, ಲೆಕ್ಕ ಹಾಕೋಣ. ಎಸ್‌ಟಿಎಂ32ಎಫ್103ಸಿ8, ಎಲ್ಲರೂ ಬ್ಲೂ ಪಿಲ್ ಅನ್ನೋ ಬೋರ್ಡ್‌ನಲ್ಲಿರೋ ಚಿಪ್, 48 ಕಾಲಿಂದು. ಪವರ್, ರೀಸೆಟ್ ಎಲ್ಲಾ ಕಳೆದ್ರೆ ನಮ್ಮ ಬಳಕೆಗೆ 37. ಒಳಗಡೆ ಇರೋದು ಮೂರು ಯುಎಸ್‌ಎಆರ್‌ಟಿ (ಇದೂ ಸೀರಿಯಲ್ ಘಟಕವೇ), ಒಂದೊಂದಕ್ಕೆ ಐದು ಸಿಗ್ನಲ್ ಅಂದ್ರೆ 15. ಎರಡು ಎಸ್‌ಪಿಐಗೆ 8. ಎರಡು ಐ2ಸಿಗೆ (ಎರಡೇ ವೈರ್‌ನಲ್ಲಿ ಮಾತಾಡೋ ಲೈನ್) 4. ನಾಲ್ಕು ಟೈಮರ್‌ಗೆ ನಾಲ್ಕು ನಾಲ್ಕು ಚಾನೆಲ್, 16. ಅನಲಾಗ್ 10. ಯುಎಸ್‌ಬಿ 2, ಕ್ಯಾನ್ (ಗಾಡಿಗಳಲ್ಲಿ ಬಳಸೋ ಲೈನ್) 2. ಆಗ್ಲೇ 57 ಆಯ್ತು, ಇನ್ನೂ ಡೀಬಗ್ (ತಪ್ಪು ಹುಡುಕೋ) ಲೈನ್ ಸೇರಿಸಿಲ್ಲ. ಎಲ್ಲಕ್ಕೂ ಬೇರೆ ಬೇರೆ ಕಾಲು ಕೊಟ್ರೆ ಚಿಪ್ ದೊಡ್ಡದಾಗತ್ತೆ, ಬೋರ್ಡ್ ದೊಡ್ಡದಾಗತ್ತೆ, ರೇಟು ಏರತ್ತೆ, ಮತ್ತೆ ಒಂದು ಪ್ರಾಜೆಕ್ಟಲ್ಲಿ ಇವೆಲ್ಲಾ ಒಟ್ಟಿಗೆ ಯಾರಿಗೂ ಬೇಕಾಗಿರಲ್ಲ. ಹಂಚೋದ್ರಲ್ಲಿ ಜಗಳ ಮಾತ್ರ ಇದ್ದೇ ಇರತ್ತೆ. ಪಿಎ11, ಪಿಎ12 (ಪೋರ್ಟ್ ಎ ಗುಂಪಿನ 11, 12ನೇ ಪಿನ್) ನೋಡಿ, ಯುಎಸ್‌ಬಿಗೂ ಅವೇ, ಕ್ಯಾನ್‌ಗೂ ಅವೇ. ಕ್ಯಾನನ್ನ ಪಿಬಿ8, ಪಿಬಿ9ಕ್ಕೆ ಜರುಗಿಸ್ಬೋದು ನಿಜ, ಆದ್ರೂ ಈ ಚಿಪ್‌ನಲ್ಲಿ ಅವೆರಡೂ ಒಳಗಡೆ 512 ಬೈಟ್‌ನ ಒಂದೇ ಮೆಮೊರಿ ಹಂಚ್ಕೊಂಡಿರೋದ್ರಿಂದ ಒಟ್ಟಿಗೆ ಓಡಲ್ಲ. ಪಿನ್ ಸಿಕ್ಕಿದ್ರೂ ಕೆಲಸ ಆಗಲ್ಲ ಅನ್ನೋದಕ್ಕೆ ಇದು ಉದಾಹರಣೆ.

ಪ್ರಶ್ನೆ: ನಮಸ್ತೆ ಸಾರ್, ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ಬ್ಲೂ ಪಿಲ್‌ನಲ್ಲಿ ಲೈಬ್ರರಿ ಇಲ್ದೆ ರಿಜಿಸ್ಟರ್ ಮಟ್ಟದಲ್ಲಿ ಯುಎಸ್‌ಎಆರ್‌ಟಿ1 ಮಾಡ್ತಿದೀನಿ. ಪಿಎ9 ಔಟ್‌ಪುಟ್ ಪುಷ್-ಪುಲ್ 50 ಮೆಗಾಹರ್ಟ್ಸ್ ಅಂತ ಸೆಟ್ ಮಾಡಿದೀನಿ, ಬಾಡ್ ರೇಟ್ ಸರಿ ಇದೆ, ಪಿನ್ನಲ್ಲಿ ಏನೂ ಬರ್ತಿಲ್ಲ. ಇನ್ನೊಂದು, ಪಿಬಿ3ಗೆ ಎಲ್‌ಇಡಿ ಹಾಕಿದೀನಿ, ಅದೂ ಬದಲಾಗ್ತಿಲ್ಲ, ಪಿಬಿ5 ಸರಿಯಾಗಿದೆ.

ಉತ್ತರ: ರಿಜಿಸ್ಟರ್ ಮಟ್ಟದಲ್ಲಿ ಮಾಡ್ತಿರೋದು ತುಂಬಾ ಖುಷಿ ಆಯ್ತು, ಬಿಡ್ಬೇಡಿ. ನಿಮಗೂ ಉತ್ತರಕ್ಕೂ ಇರೋ ದೂರ ಒಂದೇ ಒಂದು ಬಿಟ್.

ಎಫ್103ಲ್ಲಿ ಪ್ರತಿ ಪಿನ್ನಿಗೆ ನಾಲ್ಕು ಬಿಟ್, ಅಂದ್ರೆ ಹೆಕ್ಸ್‌ನಲ್ಲಿ ಒಂದು ಅಂಕಿ. ಕೆಳಗಿನ ಎರಡು ಬಿಟ್ ಮೋಡ್: 00 ಆದ್ರೆ ಇನ್‌ಪುಟ್, ಉಳಿದ ಮೂರೂ ಔಟ್‌ಪುಟ್ ಆದ್ರೆ ಬೇರೆ ಬೇರೆ ವೇಗ, 11 ಅಂದ್ರೆ 50 ಮೆಗಾಹರ್ಟ್ಸ್. ಮೇಲಿನ ಎರಡು ಬಿಟ್ ಸಿಎನ್‌ಎಫ್. ಔಟ್‌ಪುಟ್‌ನಲ್ಲಿ 00 ಸಾಮಾನ್ಯ ಪುಷ್-ಪುಲ್ (ಹೈ, ಲೋ ಎರಡೂ ತಾನೇ ಮಾಡೋದು), 01 ಸಾಮಾನ್ಯ ಓಪನ್ ಡ್ರೈನ್ (ಲೋ ಮಾತ್ರ ಎಳೆಯೋದು), 10 ಆಲ್ಟರ್ನೇಟ್ (ಪಿನ್ ಒಳಗಿನ ಘಟಕದ ಕೈಗೆ ಕೊಡೋದು) ಪುಷ್-ಪುಲ್, 11 ಆಲ್ಟರ್ನೇಟ್ ಓಪನ್ ಡ್ರೈನ್. ನೀವು ಬರೆದಿರೋದು 0011, ಅಂದ್ರೆ 3. ಇದ್ರಲ್ಲಿ ಪಿನ್ ಕೇಳೋದು ಓಡಿಆರ್ (ನಿಮ್ಮ ಪ್ರೋಗ್ರಾಂ ಹೈ, ಲೋ ಬರೆಯೋ) ರಿಜಿಸ್ಟರ್ ಮಾತು. ಯುಎಸ್‌ಎಆರ್‌ಟಿ ಒಳಗಡೆ ಪಾಪ ಬೈಟ್ ಮೇಲೆ ಬೈಟ್ ಕಳಿಸ್ತಾನೇ ಇದೆ, ಹೊರಗಡೆ ಬರೋಕೆ ಬಾಗಿಲಿಲ್ಲ. ಬೇಕಾಗಿರೋದು 1011, ಅಂದ್ರೆ ಬಿ. ಪಿಎ9 ಇರೋದು ಸಿಆರ್‌ಎಚ್ (8ರಿಂದ 15ರ ಪಿನ್‌ಗಳ) ರಿಜಿಸ್ಟರ್‌ನಲ್ಲಿ ಬಲಗಡೆಯಿಂದ ಎರಡನೇ ಅಂಕಿ, ಉಳಿದವನ್ನ ಮುಟ್ಟದೆ ಅದೊಂದನ್ನ 3ರಿಂದ ಬಿ ಮಾಡಿ. ಪಿಎ10 ಆರ್‌ಎಕ್ಸ್, ಅದು 4 ಅಂತ ಫ್ಲೋಟಿಂಗ್ ಇನ್‌ಪುಟ್ ಆಗೇ ಇರ್ಲಿ, ಈ ಚಿಪ್‌ನಲ್ಲಿ ಆರ್‌ಎಕ್ಸ್‌ಗೆ ಬರೀ ಇನ್‌ಪುಟ್ ಸಾಕು. ಪೋರ್ಟ್ ಎ ಮತ್ತೆ ಯುಎಸ್‌ಎಆರ್‌ಟಿ1 ಎರಡರ ಕ್ಲಾಕೂ ಮೊದಲು ಆನ್ ಆಗಿರ್ಬೇಕು, ಕ್ಲಾಕ್ ಇಲ್ದೆ ಬರೆದಿದ್ದು ರಿಜಿಸ್ಟರ್‌ನಲ್ಲಿ ನಿಲ್ಲಲ್ಲ. ಮುಂದೆ ಐ2ಸಿ ಮಾಡೋವಾಗ ಪಿಬಿ6, ಪಿಬಿ7ಕ್ಕೆ ಬಿ ಹಾಕ್ಬೇಡಿ, ಎಫ್ ಹಾಕಿ. ಆ ಎರಡು ವೈರನ್ನ ಎಷ್ಟೋ ಚಿಪ್‌ಗಳು ಹಂಚ್ಕೊಳ್ಳೋದ್ರಿಂದ ಯಾರೂ ಹೈ ಅಂತ ತಳ್ಳಬಾರ್ದು, ಲೋ ಎಳೀಬೇಕು ಅಥವಾ ಕೈ ಬಿಡ್ಬೇಕು ಅಷ್ಟೇ, ಹೈ ಮಾಡೋದು ಹೊರಗಡೆ ಹಾಕೋ 4.7 ಕಿಲೋಓಮ್ ರೆಸಿಸ್ಟರ್‌ನ ಕೆಲಸ.

ಪಿಬಿ3 ಕಥೆ ಬೇರೆ. ರೀಸೆಟ್ ಆದಾಗ ಪಿಎ13, ಪಿಎ14, ಪಿಎ15, ಪಿಬಿ3, ಪಿಬಿ4 ಐದೂ ಡೀಬಗ್‌ಗೆ ಮೀಸಲು. ಎಸ್‌ಟಿ-ಲಿಂಕ್‌ಗೆ (ಪ್ರೋಗ್ರಾಂ ಹತ್ತಿಸೋ, ತಪ್ಪು ಹುಡುಕೋ ಉಪಕರಣ) ಬೇಕಾಗೋದು ಮೊದಲ ಎರಡೇ, ಉಳಿದ ಮೂರು ಜೆಟ್ಯಾಗ್ ಅನ್ನೋ ಇನ್ನೊಂದು ಡೀಬಗ್ ದಾರಿದು. ಎಎಫ್‌ಐಓ (ಪಿನ್ ಕೆಲಸ ಜರುಗಿಸೋ ಘಟಕ) ಕ್ಲಾಕ್ ಆನ್ ಮಾಡಿ, ಎಎಫ್‌ಐಓ ಮ್ಯಾಪರ್ ರಿಜಿಸ್ಟರ್‌ನ ಎಸ್‌ಡಬ್ಲ್ಯುಜೆ ಸಿಎಫ್‌ಜಿ ಜಾಗದಲ್ಲಿ 010 ಬರೆಯಿರಿ, ಆ ಮೂರು ಪಿನ್ ನಿಮ್ಮ ಕೈಗೆ ಬರತ್ತೆ, ಡೀಬಗ್ಗೂ ಉಳಿಯತ್ತೆ. ಹುಷಾರು, 100 ಬರೆದ್ರೆ ಐದೂ ಬಿಡುಗಡೆ ಆಗಿ ಎಸ್‌ಟಿ-ಲಿಂಕ್ ಕನೆಕ್ಟ್ ಆಗಲ್ಲ. ಹಾಗಾದ್ರೆ ಗಾಬರಿ ಬೇಡ, ಬೂಟ್0 ಜಂಪರ್ 1ಕ್ಕೆ ಹಾಕಿ ರೀಸೆಟ್ ಮಾಡಿ ಫ್ಲಾಶ್ ಅಳಿಸಿದ್ರೆ ಬೋರ್ಡ್ ವಾಪಸ್ ಬರತ್ತೆ.

ಎಫ್4 ಚಿಪ್‌ನ ಕೋಡ್ ನೋಡಿ ಇದಕ್ಕೆ ಹೊಂದಿಸೋಕೆ ಹೋಗ್ಬೇಡಿ. ಅಲ್ಲಿ ವ್ಯವಸ್ಥೆನೇ ಬೇರೆ: ಮೋಡರ್ ರಿಜಿಸ್ಟರ್‌ನಲ್ಲಿ ಪಿನ್ನಿಗೆ ಎರಡು ಬಿಟ್, 10 ಅಂದ್ರೆ ಆಲ್ಟರ್ನೇಟ್, ಯಾವ ಆಲ್ಟರ್ನೇಟ್ ಅಂತ ಬೇರೆ ರಿಜಿಸ್ಟರ್‌ನಲ್ಲಿ 0ರಿಂದ 15ರ ಒಂದು ನಂಬರ್, ಯುಎಸ್‌ಎಆರ್‌ಟಿ1ಕ್ಕೆ 7, ಐ2ಸಿಗೆ 4. ಅಲ್ಲಿ ಆರ್‌ಎಕ್ಸ್ ಪಿನ್ನನ್ನೂ ಆಲ್ಟರ್ನೇಟ್ ಮಾಡ್ಲೇಬೇಕು. ಎಫ್103ಲ್ಲಿ ಸಿಗ್ನಲ್‌ಗಳನ್ನ ಗುಂಪಾಗಿ ಜರುಗಿಸ್ತಾರೆ, ಉದಾಹರಣೆಗೆ ಯುಎಸ್‌ಎಆರ್‌ಟಿ1ರ ಎರಡೂ ಲೈನ್ ಒಟ್ಟಿಗೆ ಪಿಬಿ6, ಪಿಬಿ7ಕ್ಕೆ ಹೋಗತ್ತೆ, ಒಂದನ್ನ ಮಾತ್ರ ಕಳಿಸೋಕೆ ಆಗಲ್ಲ.

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆ ಶಿಕ್ಷಕಿ ನಾನು. ನಮ್ಮ ಅಟಲ್ ಟಿಂಕರಿಂಗ್ ಲ್ಯಾಬ್‌ನಲ್ಲಿ ಮಕ್ಕಳು ಪೈ ಪಿಕೋಗೆ ಒಎಲ್‌ಇಡಿ ಡಿಸ್‌ಪ್ಲೇ ಹಾಕಿದ್ದಾರೆ, ಐ2ಸಿಯ ಡೇಟಾ ವೈರ್ ಎಸ್‌ಡಿಎ ಜಿಪಿ5ಕ್ಕೆ, ಕ್ಲಾಕ್ ವೈರ್ ಎಸ್‌ಸಿಎಲ್ ಜಿಪಿ4ಕ್ಕೆ. ಮೈಕ್ರೋಪೈಥಾನ್ ‘ಬ್ಯಾಡ್ ಎಸ್‌ಸಿಎಲ್ ಪಿನ್’ ಅನ್ನುತ್ತೆ. ಇಎಸ್‌ಪಿ32ನಲ್ಲಿ ಯಾವ ಪಿನ್ ಕೊಟ್ಟರೂ ಒಪ್ಪಿಕೊಳ್ಳುತ್ತಿತ್ತು.

ಉತ್ತರ: ಮೇಡಂ, ಎರಡು ವೈರ್ ಅದಲು ಬದಲು ಮಾಡ್ಸಿ ಸಾಕು. ಪಿಕೋದ ಆರ್‌ಪಿ2040 ಚಿಪ್‌ನಲ್ಲಿ ಎಸ್‌ಡಿಎ ಯಾವಾಗ್ಲೂ ಸಮಸಂಖ್ಯೆ ಪಿನ್ನಲ್ಲಿ, ಎಸ್‌ಸಿಎಲ್ ಬೆಸಸಂಖ್ಯೆ ಪಿನ್ನಲ್ಲಿ. ಜೋಡಿಗಳೂ ಹಂಚಿಕೆ ಆಗಿವೆ, 0-1, 4-5, 8-9 ಐ2ಸಿ0ದ್ದು, 2-3, 6-7, 10-11 ಐ2ಸಿ1ರದ್ದು, ಹೀಗೇ ಮುಂದಕ್ಕೆ. ಮಕ್ಕಳು ಜಿಪಿ4 ಅಂದ್ರೆ ಬೋರ್ಡಿನ ನಾಲ್ಕನೇ ಕಾಲು ಅಂತ ತಿಳ್ಕೊಳ್ಳದ ಹಾಗೆ ನೋಡ್ಕೊಳ್ಳಿ, ಜಿಪಿ4 ಇರೋದು ಆರನೇ ಕಾಲಲ್ಲಿ. ಇಎಸ್‌ಪಿ32ನಲ್ಲಿ ಒಪ್ಕೊಂಡಿದ್ದಕ್ಕೆ ಕಾರಣ ಅದರೊಳಗಿರೋ ಜಿಪಿಐಓ ಮ್ಯಾಟ್ರಿಕ್ಸ್, ಹೆಚ್ಚುಕಮ್ಮಿ ಯಾವ ಸಿಗ್ನಲನ್ನ ಬೇಕಾದ್ರೂ ಯಾವ ಪಿನ್ನಿಗೆ ಬೇಕಾದ್ರೂ ಕಳಿಸತ್ತೆ. ಅಷ್ಟು ಸಲಿಗೆಗೆ ಬೆಲೆನೂ ಇದೆ, ಎಸ್‌ಪಿಐ ತನ್ನ ನೇರ ಪಿನ್‌ಗಳಲ್ಲಿ 80 ಮೆಗಾಹರ್ಟ್ಸ್ ಓಡಿದ್ರೆ ಮ್ಯಾಟ್ರಿಕ್ಸ್ ಮೂಲಕ 40 ಅಷ್ಟೇ. ಪಿಕೋದಲ್ಲಿ ವೈರ್ ಬದಲಾಯಿಸೋಕೆ ಆಗದೇ ಇದ್ರೆ ಸಾಫ್ಟ್ ಐ2ಸಿ ಅನ್ನೋ ಕ್ಲಾಸ್ ಬಳಸ್ಬೋದು, ಯಾವ ಪಿನ್ನಾದ್ರೂ ನಡೆಯತ್ತೆ, ವೇಗ ಸ್ವಲ್ಪ ಕಮ್ಮಿ. ಆದ್ರೆ ಮಕ್ಕಳ ಕೈಲಿ ಪಿನ್‌ಔಟ್ ಚಿತ್ರ ದೊಡ್ಡದಾಗಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ, ವೈರ್ ಹಾಕೋಕೆ ಮುಂಚೆ ಅದ್ರಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಸೋ ಅಭ್ಯಾಸ ಮಾಡ್ಸಿ ಅಂತ ನನ್ನ ಕೋರಿಕೆ.

ಪ್ರಶ್ನೆ: ಚಿಂತಾಮಣಿಯಿಂದ. ಆರ್ಡುಯಿನೋ ನ್ಯಾನೋ ಬೋರ್ಡ್‌ನ ಎ6ಕ್ಕೆ ಬಟನ್ ಹಾಕಿದ್ರೆ ಕೆಲಸ ಮಾಡಲ್ಲ, ಎ3ಕ್ಕೆ ಹಾಕಿದ್ರೆ ಮಾಡತ್ತೆ. ಯಾಕೆ?

ಉತ್ತರ: ನ್ಯಾನೋದಲ್ಲಿ ಎ6, ಎ7 ಬರೀ ಅನಲಾಗ್ ಇನ್‌ಪುಟ್, ಅವುಗಳ ಹಿಂದೆ ಡಿಜಿಟಲ್ ಸರ್ಕ್ಯೂಟೇ ಇಲ್ಲ, ಪುಲಪ್ಪೂ ಇಲ್ಲ. ಎ0ರಿಂದ ಎ5ರೊಳಗೆ ಖಾಲಿ ಇರೋದಕ್ಕೆ ಜರುಗಿಸಿ, ಆದ್ರೆ ಐ2ಸಿ ಡಿಸ್‌ಪ್ಲೇ ಇದ್ರೆ ಎ4, ಎ5 ಅದರದ್ದು, ಬಿಟ್ಬಿಡಿ. ಬೇರೆ ಪಿನ್ ಇಲ್ವೇ ಇಲ್ಲ ಅಂದ್ರೆ ಎ6ರಿಂದ 5 ವೋಲ್ಟ್‌ಗೆ 10 ಕಿಲೋಓಮ್, ಬಟನ್ ಗ್ರೌಂಡ್‌ಗೆ, ಪ್ರೋಗ್ರಾಂನಲ್ಲಿ ಅನಲಾಗ್‌ರೀಡ್ ಮಾಡಿ 512ಕ್ಕಿಂತ ಕಮ್ಮಿ ಬಂದ್ರೆ ಒತ್ತಿದಾರೆ ಅಂತ ತಗೊಳ್ಳಿ.